ಉಯ್ಯಾಲೆ ಹಿಂದಕ್ಕೆ ಜಗ್ಗಿದ್ದು ಯಾಕೆ: ಪಾಲ್ ಟೇಪನ್ನು ಎನ್‌ಟಿಎಸ್‌ಸಿ ಡಿವಿಡಿ ಮಾಡಿದ ಒಂದು ಪ್ರಕರಣ

ನನ್ನ ಗೆಳತಿಯ ಹತ್ತಿರ ಎರಡು ಮಿನಿಡಿವಿ ಟೇಪ್ (ಹಳೆಯ ವಿಡಿಯೊ ಕ್ಯಾಮೆರಾದ ಸಣ್ಣ ಡಿಜಿಟಲ್ ಟೇಪ್) ಇದ್ದವು. ಒಟ್ಟು 96 ನಿಮಿಷ. ಅದರಲ್ಲಿ ಅವಳ ತಾತ ಅವಳನ್ನು ಉಯ್ಯಾಲೆಯಲ್ಲಿ ಕೂರಿಸಿ, ತೂಗುತ್ತಾ ಹಾಡುತ್ತಾರೆ. ಅವಳಿಗಾಗ ಆರು ವರ್ಷ. ಕ್ಯಾಮೆರಾ ಹಿಡಿದಿದ್ದವರು ಅವಳ ಅಕ್ಕ. ತಾತ ಈಗಿಲ್ಲ. ಅವರ ದನಿ ಉಳಿದಿರುವುದು ಈ ಟೇಪಿನಲ್ಲಿ ಮಾತ್ರ. ಅಕ್ಕ ಈಗ ಅಮೆರಿಕದಲ್ಲಿದ್ದಾರೆ. ಅವರ ಮನೆಯ ಡಿವಿಡಿ ಪ್ಲೇಯರಿಗೆ ಹಾಕಿ ಟಿವಿಯಲ್ಲಿ ನೋಡುವ ಹಾಗೆ ಒಂದು ಡಿಸ್ಕ್ ಬೇಕಿತ್ತು. ಫೈಲ್ ಕಳಿಸಿದರೆ ಸಾಕಲ್ವಾ ಅಂತ ಕೇಳಿದೆ. ಲ್ಯಾಪ್‌ಟಾಪಿನಲ್ಲಿ ಬೇಡ, ಮನೆಮಂದಿಯೆಲ್ಲ ಒಟ್ಟಿಗೆ ಕೂತು ನೋಡಬೇಕು ಅಂತ ಅವರ ಆಸೆ.

ನನ್ನ ಹತ್ತಿರ ಬರುವ ಮುಂಚೆಯೇ ಎರಡು ಸಲ ಪ್ರಯತ್ನ ಆಗಿತ್ತು. ಮೊದಲನೇ ಡಿಸ್ಕನ್ನು ಟೇಪಿನಲ್ಲಿದ್ದ ಹಾಗೇ ಪಾಲ್ ಮಾದರಿಯಲ್ಲಿ, ಅಂದರೆ ಭಾರತ, ಯುರೋಪಿನ ಟಿವಿ ಮಾದರಿಯಲ್ಲಿ ಬರೆದಿದ್ದರು. ಅಕ್ಕನ ಪ್ಲೇಯರ್ ಅದನ್ನು ಒಪ್ಪಲೇ ಇಲ್ಲ. ಎರಡನೆಯದನ್ನು ಯಾವುದೋ ಕನ್ವರ್ಟರ್ ತಂತ್ರಾಂಶಕ್ಕೆ ಕೊಟ್ಟು, ಎನ್‌ಟಿಎಸ್‌ಸಿ (ಅಮೆರಿಕದ ಟಿವಿ ಮಾದರಿ, ಸೆಕೆಂಡಿಗೆ 29.97 ಫ್ರೇಮ್) ಅಂತ ಇದ್ದ ಗುಂಡಿ ಒತ್ತಿ ಮಾಡಿದ್ದರು. ಅದು ಓಡಿತು. ಆದರೆ ಉಯ್ಯಾಲೆ ನಡುಗುತ್ತಿತ್ತು. ಮುಂದೆ ಹೋಗುತ್ತಾ ಹೋಗುತ್ತಾ ಯಾರೋ ಹಿಂದಿನಿಂದ ಹಿಡಿದು ಜಗ್ಗಿದ ಹಾಗೆ. ಹತ್ತು ನಿಮಿಷ ನೋಡುವಷ್ಟರಲ್ಲಿ ಕಣ್ಣು ನೋಯುತ್ತೆ ಅಂದರಂತೆ.

ಒಂದು ಗೊಂದಲ ಮೊದಲೇ ಬಿಡಿಸಬೇಕಿತ್ತು. ಇದು ರೀಜನ್ ಕೋಡ್ ಸಮಸ್ಯೆ ಅಂತ ಅವರಿಗೆ ಯಾರೋ ಹೇಳಿದ್ದರು. ಅಲ್ಲ. ರೀಜನ್ ಕೋಡ್ ಅನ್ನುವುದು ಮಾರಾಟದ ಬೀಗ, ಒಂದು ಪ್ರದೇಶಕ್ಕೆ ಮಾರಿದ ಡಿಸ್ಕ್ ಇನ್ನೊಂದು ಪ್ರದೇಶದ ಪ್ಲೇಯರಿನಲ್ಲಿ ಓಡದ ಹಾಗೆ. ಮನೆಯಲ್ಲಿ ಬರೆದ ಡಿಸ್ಕಿಗೆ ಸಾಮಾನ್ಯವಾಗಿ ಆ ಬೀಗ ಇರುವುದೇ ಇಲ್ಲ. ಟಿವಿ ಮಾದರಿ ಬೇರೆಯೇ ವಿಷಯ. ಜಪಾನ್ ಮತ್ತು ಪಶ್ಚಿಮ ಯುರೋಪ್ ಎರಡಕ್ಕೂ ರೀಜನ್ 2. ಆದರೂ ಜಪಾನಿನ ಡಿವಿಡಿ ಎನ್‌ಟಿಎಸ್‌ಸಿ, ಯುರೋಪಿನದು ಪಾಲ್. ಇನ್ನೊಂದು ಮಾತು. ಪಾಲ್ ದೇಶಗಳಲ್ಲಿ ಮಾರುವ ಹೆಚ್ಚಿನ ಪ್ಲೇಯರ್‌ಗಳು ಎರಡೂ ಬಗೆಯ ಡಿಸ್ಕ್ ಓಡಿಸುತ್ತವೆ. ಅಮೆರಿಕಕ್ಕೆಂದೇ ಮಾಡಿದ ಪ್ಲೇಯರ್‌ಗಳಲ್ಲಿ ಬಹಳಷ್ಟು ಪಾಲ್ ಡಿಸ್ಕನ್ನು ಮುಟ್ಟುವುದಿಲ್ಲ. ಹಾಗಾಗಿ ಈ ಕಡೆಯಿಂದ ಆ ಕಡೆಗೆ ಕಳಿಸುವಾಗಲೇ ತೊಂದರೆ ಜಾಸ್ತಿ.

ಎರಡನೇ ಡಿಸ್ಕಿನಲ್ಲಿ ಕಂಡದ್ದು

ಆ ನಡುಗುವ ಡಿಸ್ಕನ್ನೇ ಮೊದಲು ತರಿಸಿಕೊಂಡೆ. ಏನು ಕೆಟ್ಟಿದೆ ಅಂತ ಗೊತ್ತಾಗದೆ ಹೊಸದು ಮಾಡಿದರೆ ಅದೇ ತಪ್ಪು ಮತ್ತೆ ಆಗುತ್ತದೆ. ಉಯ್ಯಾಲೆಯ ದೃಶ್ಯಕ್ಕೆ ಹೋಗಿ ಒಂದೊಂದೇ ಫೀಲ್ಡ್ ಬಿಡಿಸಿ ನೋಡಿದೆ.

ಫೀಲ್ಡ್ ಅಂದರೇನು ಅಂತ ಇಲ್ಲೇ ಹೇಳಿಬಿಡುತ್ತೇನೆ, ಇಡೀ ಪ್ರಕರಣ ನಿಂತಿರುವುದು ಅದರ ಮೇಲೆ. ಪಾಲ್ ಡಿವಿ ಕ್ಯಾಮೆರಾ ಸೆಕೆಂಡಿಗೆ 25 ಫ್ರೇಮ್ ತೆಗೆಯುತ್ತದೆ ಅನ್ನುತ್ತೇವೆ. ನಿಜವಾಗಿ ಅದು ನೋಡುವುದು ಸೆಕೆಂಡಿಗೆ 50 ಸಲ. ಒಂದು ಸಲ ಒಂದು ಬಿಟ್ಟು ಒಂದರಂತೆ ಅರ್ಧ ಗೆರೆಗಳನ್ನು ಹಿಡಿಯುತ್ತದೆ. 20 ಮಿಲಿಸೆಕೆಂಡ್ ಬಿಟ್ಟು, ನಡುವೆ ಉಳಿದ ಗೆರೆಗಳನ್ನು ಹಿಡಿಯುತ್ತದೆ. ಈ ಎರಡು ಅರ್ಧಗಳನ್ನು ಹೆಣೆದು ಒಂದು ಫ್ರೇಮ್ ಅಂತ ಇಡುತ್ತದೆ. ಅಂದರೆ ಒಂದು ಫ್ರೇಮಿನೊಳಗೆ ಎರಡು ಬೇರೆ ಬೇರೆ ಗಳಿಗೆಗಳಿವೆ. ಅಷ್ಟರಲ್ಲಿ ಉಯ್ಯಾಲೆ ಸ್ವಲ್ಪ ಸರಿದಿರುತ್ತದೆ. ಫ್ರೇಮನ್ನು ನಿಲ್ಲಿಸಿ ನೋಡಿದರೆ ಹುಡುಗಿಯ ಫ್ರಾಕಿನ ಅಂಚಿನಲ್ಲಿ ಬಾಚಣಿಗೆ ಹಲ್ಲಿನಂಥ ಗೆರೆಗಳು ಕಾಣುವುದು ಇದಕ್ಕೇ. ಅದು ದೋಷವಲ್ಲ. ಟಿವಿ ಆ ಫೀಲ್ಡುಗಳನ್ನು ಒಂದಾದ ಮೇಲೊಂದು ತೋರಿಸಿದಾಗ ಚಲನೆ ನುಣ್ಣಗೆ ಕಾಣುತ್ತದೆ.

ಕನ್ವರ್ಟರ್ ಈ ಸಂಗತಿಯನ್ನೇ ಮರೆತಿತ್ತು. ಅದು ಮಾಡಿದ ಕೆಲಸ ಎರಡು. ಒಂದು, ಪಾಲ್ ಡಿವಿಡಿಯ 576 ಗೆರೆಗಳನ್ನು ಎನ್‌ಟಿಎಸ್‌ಸಿಯ 480ಕ್ಕೆ ಕುಗ್ಗಿಸಿತ್ತು. ಆದರೆ ಫೀಲ್ಡುಗಳನ್ನು ಬೇರೆ ಮಾಡದೆ, ಹೆಣೆದ ಫ್ರೇಮನ್ನೇ ಹಾಗೇ ಕುಗ್ಗಿಸಿತ್ತು. ಎರಡು ಗಳಿಗೆಗಳ ಗೆರೆಗಳು ಒಂದರೊಳಗೊಂದು ಕಲಸಿಹೋಗಿದ್ದವು. ಬಾಚಣಿಗೆ ಹಲ್ಲುಗಳು ದಪ್ಪ ಪಟ್ಟೆಗಳಾಗಿ ಫ್ರಾಕಿನ ಅಂಚಿಗೆ ಅಂಟಿಕೊಂಡಿದ್ದವು. ಹೀಗೆ ಕಲಸಿದ ಮೇಲೆ ಅದನ್ನು ಬಿಡಿಸುವ ದಾರಿ ಇಲ್ಲ.

ಎರಡನೆಯದು ಉಯ್ಯಾಲೆ ಜಗ್ಗಿದ್ದಕ್ಕೆ ಕಾರಣ. 25ನ್ನು 29.97 ಮಾಡಲು ಅದು ಸುಮ್ನೆ ಪ್ರತಿ ಐದನೇ ಫ್ರೇಮನ್ನು ಎರಡು ಸಲ ಹಾಕಿತ್ತು. ಇಡೀ ಫ್ರೇಮ್ ಮತ್ತೆ ಬಂದರೆ ಏನಾಗುತ್ತದೆ ನೋಡಿ. ಅದರೊಳಗಿನ ಮೊದಲ ಗಳಿಗೆ, ಎರಡನೇ ಗಳಿಗೆ, ಆಮೇಲೆ ಮತ್ತೆ ಮೊದಲ ಗಳಿಗೆ, ಎರಡನೇ ಗಳಿಗೆ. ಸಮಯವೇ ಒಂದು ಹೆಜ್ಜೆ ಹಿಂದಕ್ಕೆ ಹೋಗಿ ಮತ್ತೆ ಮುಂದೆ ಬಂದ ಹಾಗೆ. ಇದು ಸೆಕೆಂಡಿಗೆ ಸುಮಾರು ಐದು ಸಲ. ಅಕ್ಕ ಹೇಳಿದ್ದು ಬರೀ ಅನಿಸಿಕೆ ಆಗಿರಲಿಲ್ಲ, ಉಯ್ಯಾಲೆ ನಿಜವಾಗಿಯೂ ಹಿಂದಕ್ಕೆ ಹೋಗುತ್ತಿತ್ತು.

ನಿಧಾನ ಮಾಡಿದರೆ ಆಗಲ್ವಾ

ಈ ಕೆಲಸದ ಬಗ್ಗೆ ಸ್ವಲ್ಪ ಗೊತ್ತಿರುವವರು ಕೇಳುವ ಮೊದಲ ಪ್ರಶ್ನೆ ಇದು. ಸಿನಿಮಾ ಓಡುವುದು ಸೆಕೆಂಡಿಗೆ 24 ಫ್ರೇಮಿನಲ್ಲಿ. ಅದನ್ನು ಪಾಲ್ ಡಿವಿಡಿಗೆ ಹಾಕುವಾಗ ಸಾಮಾನ್ಯವಾಗಿ 25ಕ್ಕೆ ಓಡಿಸಿಬಿಡುತ್ತಾರೆ. ಎರಡು ಗಂಟೆಯ ಸಿನಿಮಾ ಐದು ನಿಮಿಷದಷ್ಟು ಬೇಗ ಮುಗಿಯುತ್ತದೆ, ದನಿ ತುಸು ಏರುತ್ತದೆ. ಅಂಥ ಡಿಸ್ಕನ್ನು ಎನ್‌ಟಿಎಸ್‌ಸಿ ಮಾಡಬೇಕೆಂದರೆ ಬಂದ ದಾರಿಯಲ್ಲೇ ವಾಪಸು ಹೋಗಬೇಕು. 25ರಿಂದ 23.976ಕ್ಕೆ ನಿಧಾನ ಮಾಡಿ, ದನಿಯನ್ನೂ ಅಷ್ಟೇ ನಿಧಾನ ಮಾಡಿ, ಪ್ಲೇಯರಿಗೆ ಪುಲ್‌ಡೌನ್ ಸೂಚನೆ ಕೊಡಬೇಕು. ಪ್ಲೇಯರ್ ಒಂದು ಫ್ರೇಮನ್ನು ಎರಡು ಫೀಲ್ಡ್, ಮುಂದಿನದನ್ನು ಮೂರು ಫೀಲ್ಡ್ ಅಂತ ತೋರಿಸಿಕೊಂಡು ಹೋಗುತ್ತದೆ. ಒಂದೂ ಹೊಸ ಚಿತ್ರ ಹುಟ್ಟಿಸಬೇಕಿಲ್ಲ. ಸಿನಿಮಾಗೆ ಇದಕ್ಕಿಂತ ಒಳ್ಳೆಯ ದಾರಿ ನನಗೆ ಗೊತ್ತಿಲ್ಲ.

ನಮ್ಮ ಟೇಪ್ ಸಿನಿಮಾ ಅಲ್ಲ. ಇದರಲ್ಲಿ ಇರುವುದು ಸೆಕೆಂಡಿಗೆ 25 ಚಿತ್ರ ಅಲ್ಲ, 50 ಗಳಿಗೆ. ಸಿನಿಮಾದ ದಾರಿ ಹಿಡಿದರೆ ಅದರಲ್ಲಿ ಅರ್ಧ ಬಿಸಾಡಬೇಕು. ಅದಕ್ಕಿಂತ ದೊಡ್ಡ ಕಾರಣ ತಾತನ ಹಾಡು. ನಾಲ್ಕು ಶೇಕಡಾ ನಿಧಾನ ಮಾಡಿದರೆ ಶ್ರುತಿ ಮುಕ್ಕಾಲು ಸ್ವರಸ್ಥಾನದಷ್ಟು ಇಳಿಯುತ್ತದೆ. ಶ್ರುತಿ ಮಾತ್ರ ಸರಿಮಾಡುವ ತಂತ್ರಾಂಶಗಳಿವೆ. ಆದರೆ ಹಾಡುವ ದನಿಯನ್ನು ಹಿಗ್ಗಿಸಿದರೆ ಉಸಿರು, ಗಮಕ ಎಲ್ಲ ಒಂದು ಥರ ಆಗುತ್ತದೆ. ಮನೆಯವರು ಆ ದನಿಗೋಸ್ಕರವೇ ಡಿಸ್ಕ್ ಕೇಳುತ್ತಿದ್ದಾರೆ. ದನಿಯ ವೇಗವನ್ನು ಮುಟ್ಟಬಾರದು ಅಂತ ಆವತ್ತೇ ತೀರ್ಮಾನ ಮಾಡಿದೆ. 96 ನಿಮಿಷ ಒಳಗೆ ಹೋದರೆ 96 ನಿಮಿಷವೇ ಹೊರಗೆ ಬರಬೇಕು. ಮಿಕ್ಕಿದ್ದೆಲ್ಲ ಚಿತ್ರದ ಕಡೆಯೇ ಆಗಬೇಕು.

50ರಿಂದ 59.94

ಟೇಪನ್ನು ಫೈರ್‌ವೈರ್ ಕೇಬಲ್ ಮೂಲಕ ಕಂಪ್ಯೂಟರಿಗೆ ಇಳಿಸಿದೆ. ಟೇಪಿನಲ್ಲಿದ್ದ ಅಂಕೆಗಳೇ ಹಾಗೇ ಬರುತ್ತವೆ, ಮತ್ತೆ ಕಂಪ್ರೆಸ್ ಮಾಡುವ ಪ್ರಶ್ನೆ ಇಲ್ಲ. ಗಂಟೆಗೆ ಸುಮಾರು 13 ಜಿಬಿ. ಹಳೆಯ ಪಾಲ್ ಡಿಸ್ಕಿನಿಂದ ಶುರು ಮಾಡಿದ್ದರೆ ಈ ಕೆಲಸ ಸಲೀಸಾಗಿ ಆಗುತ್ತಿತ್ತು, ಆದರೆ ಮತ್ತೆ ಮತ್ತೆ ಕಂಪ್ರೆಸ್ ಆದ ಚಿತ್ರ ಸಿಗುತ್ತಿತ್ತು. ಟೇಪ್ ಕೈಯಲ್ಲಿದ್ದರೆ ಟೇಪಿನಿಂದಲೇ ಶುರು ಮಾಡಿ.

ಮೊದಲ ಕೆಲಸ, ಪ್ರತಿ ಫೀಲ್ಡನ್ನೂ ತುಂಬು ಚಿತ್ರ ಮಾಡುವುದು. ಸ್ಕ್ರಿಪ್ಟ್ ಬರೆದು ವಿಡಿಯೊ ತಿದ್ದುವ ಎವಿಸಿಂತ್ ಅನ್ನುವ ತಂತ್ರಾಂಶದಲ್ಲಿ ಕ್ಯುಟಿಜಿಎಂಸಿ ಅನ್ನುವ ಸ್ಕ್ರಿಪ್ಟ್ ಬಳಸಿದೆ. ಅದು ಅಕ್ಕಪಕ್ಕದ ಫೀಲ್ಡುಗಳಲ್ಲಿ ಚಲನೆ ನೋಡಿ, ಬಿಟ್ಟುಹೋದ ಗೆರೆಗಳನ್ನು ತುಂಬುತ್ತದೆ. ನಿಧಾನ, ರಾತ್ರಿಯಿಡೀ ಓಡಬೇಕಾಯಿತು. ಅವಸರ ಇದ್ದರೆ ಎಫ್‌ಎಫ್‌ಎಂಪೆಗ್ ಅನ್ನುವ ಇನ್ನೊಂದು ತಂತ್ರಾಂಶದಲ್ಲಿ ಇದೇ ಕೆಲಸಕ್ಕೆ ಯಾಡಿಫ್ ಇದೆ. ಅದನ್ನು ಫೀಲ್ಡಿಗೊಂದು ಫ್ರೇಮ್ ಕೊಡುವ ಹಾಗೆ ಹೊಂದಿಸಬೇಕು, ಇಲ್ಲದಿದ್ದರೆ ಅದು 25ನ್ನೇ ಕೊಟ್ಟು ಅರ್ಧ ಚಲನೆ ಕಳೆದುಬಿಡುತ್ತದೆ. ಈ ಹಂತ ಮುಗಿದಾಗ ಕೈಯಲ್ಲಿರುವುದು ಸೆಕೆಂಡಿಗೆ 50 ತುಂಬು ಚಿತ್ರಗಳು. ಈಗ ಕುಗ್ಗಿಸಬಹುದು. ಅಗಲ 720 ಹಾಗೇ ಇರಲಿ, ಎತ್ತರ ಮಾತ್ರ 576ರಿಂದ 480. ಚಿತ್ರದ ಅಗಲ-ಎತ್ತರದ ಅನುಪಾತ 4:3 ಅನ್ನುವ ಗುರುತು ಡಿಸ್ಕಿನಲ್ಲಿದ್ದರೆ ಮುಖಗಳು ಚಪ್ಪಟೆ ಆಗುವುದಿಲ್ಲ.

ಇಲ್ಲೇ ನಾನು ಒಂದು ತಪ್ಪು ಮಾಡಿದೆ. ಡಿವಿಡಿಗಳಲ್ಲಿ ಸಾಮಾನ್ಯವಾಗಿ ಮೇಲಿನ ಫೀಲ್ಡ್ ಮೊದಲು ಬರುತ್ತದೆ. ಆ ಅಭ್ಯಾಸದಲ್ಲಿ ಇಲ್ಲಿಯೂ ಹಾಗೇ ಕೊಟ್ಟೆ. ಡಿವಿ ಟೇಪಿನಲ್ಲಿ ಕೆಳಗಿನ ಫೀಲ್ಡ್ ಮೊದಲು. ಗಳಿಗೆಗಳು 1, 2, 3, 4 ಅಂತ ಬರುವ ಬದಲು 2, 1, 4, 3 ಅಂತ ಬಂದವು. ಅದೃಷ್ಟಕ್ಕೆ ಉಯ್ಯಾಲೆಯ ಹತ್ತು ಸೆಕೆಂಡನ್ನು ಮೊದಲು ಪರೀಕ್ಷೆ ಮಾಡಿದ್ದೆ. ಬಾಣದ ಕೀಲಿ ಒತ್ತುತ್ತಾ ಒಂದೊಂದೇ ಚಿತ್ರ ನೋಡಿದರೆ ಹುಡುಗಿಯ ಪಾದ ಮುಂದೆ, ಹಿಂದೆ, ಮುಂದೆ, ಹಿಂದೆ. ಕ್ರಮ ಬದಲಾಯಿಸಿದ ಮೇಲೆ ಪಾದ ಒಂದೇ ದಿಕ್ಕಿಗೆ ಹೋಯಿತು. ಫೀಲ್ಡ್ ಕ್ರಮದ ಬಗ್ಗೆ ಅನುಮಾನ ಇದ್ದರೆ ಪುಸ್ತಕ ಹುಡುಕಬೇಡಿ. ಒಂದೇ ದಿಕ್ಕಿಗೆ ಹೋಗುವ ವಸ್ತುವನ್ನು ಹೀಗೆ ನೋಡಿ, ಅರ್ಧ ನಿಮಿಷದಲ್ಲಿ ತಿಳಿಯುತ್ತದೆ.

ಈಗ ಬಂತು ನಿಜವಾದ ಕಷ್ಟ. ನಮ್ಮ ಚಿತ್ರಗಳು 20 ಮಿಲಿಸೆಕೆಂಡಿಗೊಂದು. ಎನ್‌ಟಿಎಸ್‌ಸಿ ಕೇಳುವುದು ಸೆಕೆಂಡಿಗೆ 59.94, ಅಂದರೆ ಸುಮಾರು 16.68 ಮಿಲಿಸೆಕೆಂಡಿಗೊಂದು. ಮೊದಲನೆಯದು ಎರಡರಲ್ಲೂ ಸೊನ್ನೆಯಲ್ಲಿ ಕೂಡುತ್ತದೆ. ಎರಡನೆಯದು 16.7ರಲ್ಲಿ ಬೇಕು, ನಮ್ಮ ಹತ್ತಿರ ಇರುವುದು 20ರಲ್ಲಿ. ಮೂರನೆಯದು 33.4ರಲ್ಲಿ, ನಮ್ಮದು 40ರಲ್ಲಿ. ನಾಲ್ಕನೆಯದು 50ರಲ್ಲಿ, ಅಂದರೆ 40 ಮತ್ತು 60ರ ನಟ್ಟನಡುವೆ. ಮತ್ತೆ ಎರಡೂ ಕೂಡುವುದು 100ರ ಹತ್ತಿರ. ಆರು ಚಿತ್ರಗಳಲ್ಲಿ ಒಂದು ಮಾತ್ರ ನಮ್ಮದೇ, ಮಿಕ್ಕ ಐದು ಯಾವ ಕ್ಯಾಮೆರಾವೂ ನೋಡದ ಗಳಿಗೆಗಳು.

ಇದಕ್ಕೆ ಮೂರು ಉಪಾಯ ಇವೆ. ಹತ್ತಿರದ ಎರಡು ಚಿತ್ರಗಳನ್ನು ಬೆರೆಸುವುದು ಒಂದು. ಚಲನೆ ನುಣ್ಣಗಿರುತ್ತದೆ, ಆದರೆ ಉಯ್ಯಾಲೆಗೆ ಎರಡು ನೆರಳು ಬರುತ್ತದೆ. ನನಗೆ ಅದು ಇಷ್ಟವಿಲ್ಲ. ಹತ್ತಿರದ ಚಿತ್ರವನ್ನೇ ಮತ್ತೆ ತೋರಿಸುವುದು ಇನ್ನೊಂದು. ಸೆಕೆಂಡಿಗೆ ಸುಮಾರು ಹತ್ತು ಚಿತ್ರ ಎರಡು ಸಲ ಬರುತ್ತವೆ. ಚಿತ್ರ ಚೊಕ್ಕವಾಗಿರುತ್ತದೆ, ಕ್ಯಾಮೆರಾ ನಿಧಾನಕ್ಕೆ ತಿರುಗುವಾಗ ಸಣ್ಣ ಮುಗ್ಗರಿಕೆ ಕಾಣುತ್ತದೆ. ಆದರೆ ಈಗ ಮತ್ತೆ ಬರುವುದು ಒಂದೇ ಗಳಿಗೆಯ ಚಿತ್ರ. ಕಾಲ ನಿಲ್ಲಬಹುದು, ಹಿಂದಕ್ಕೆ ಹೋಗುವುದಿಲ್ಲ. ಕನ್ವರ್ಟರ್ ಮಾಡಿದ್ದಕ್ಕೂ ಇದಕ್ಕೂ ಅಜಗಜಾಂತರ. ಮೂರನೆಯದು ಚಲನೆಯನ್ನು ಅಳೆದು ನಡುವಿನ ಚಿತ್ರವನ್ನು ಹುಟ್ಟಿಸುವುದು. ಎವಿಸಿಂತ್‌ನ ಎಂವಿಟೂಲ್ಸ್ ಇದನ್ನು ಮಾಡುತ್ತದೆ. ಸರಿಯಾಗಿ ಬಂದಾಗ ಎನ್‌ಟಿಎಸ್‌ಸಿ ಕ್ಯಾಮೆರಾದಲ್ಲೇ ತೆಗೆದ ಹಾಗಿರುತ್ತದೆ.

ನಾನು ಮೂರನೆಯದನ್ನು ಹಿಡಿದೆ. ಇಡೀ 96 ನಿಮಿಷ ಹಾಗೇ ಮಾಡಿ ನೋಡಿದೆ. ಬಹುಪಾಲು ತುಂಬಾ ಚೆನ್ನಾಗಿ ಬಂತು. ಒಂದು ಕಡೆ ಕೆಟ್ಟಿತು. 41ನೇ ನಿಮಿಷದಿಂದ ಸುಮಾರು ಮೂರು ನಿಮಿಷ, ಅಕ್ಕ ಪಕ್ಕದಿಂದ ತೆಗೆದಿದ್ದಾರೆ. ಉಯ್ಯಾಲೆಯ ಹಿಂದೆ ಕಬ್ಬಿಣದ ಸರಳಿನ ಬೇಲಿ. ಸರಳುಗಳೆಲ್ಲ ಒಂದೇ ಥರ. ಅವುಗಳ ಮುಂದೆ ಸರಪಳಿ ಹಾಯುವಾಗ ಯಾವ ಸರಳು ಎಲ್ಲಿಗೆ ಹೋಯಿತು ಅಂತ ತಂತ್ರಾಂಶಕ್ಕೆ ಗೊತ್ತಾಗಲಿಲ್ಲ. ನಿಂತ ಬೇಲಿ ರಬ್ಬರಿನ ಹಾಗೆ ಬಾಗಿ, ನೆಟ್ಟಗಾಗಿ, ಮತ್ತೆ ಬಾಗುತ್ತಿತ್ತು. ತಾತನ ಕೈ ಸರಳಿನ ಪಕ್ಕ ಬಂದಾಗ ಬೆರಳುಗಳು ಕರಗಿದ ಹಾಗಾಗುತ್ತಿತ್ತು. ಅದನ್ನು ಆ ಮನೆಯವರಿಗೆ ತೋರಿಸುವಂತಿರಲಿಲ್ಲ. ಅಳತೆಯ ಚೌಕಗಳ ಗಾತ್ರ ಬದಲಿಸಿ ನೋಡಿದೆ, ಸ್ವಲ್ಪ ಕಡಿಮೆಯಾಯಿತು, ಹೋಗಲಿಲ್ಲ. ಕೊನೆಗೆ ಆ ಮೂರು ನಿಮಿಷಕ್ಕೆ ಮಾತ್ರ ಎರಡನೇ ಉಪಾಯ ಹಾಕಿದೆ. ಚಿತ್ರ ಮತ್ತೆ ಬಂದರೆ ಬರಲಿ, ಬೆರಳು ಬೆರಳಾಗಿರಲಿ. ಒಂದೇ ಸೂತ್ರ ಇಡೀ ಟೇಪಿಗೆ ಹೊಂದಬೇಕು ಅಂತೇನಿಲ್ಲ.

ಆಮೇಲೆ 59.94 ತುಂಬು ಚಿತ್ರಗಳನ್ನು ಮತ್ತೆ ಫೀಲ್ಡುಗಳಾಗಿ ಹೆಣೆಯಬೇಕು. ಒಂದು ಚಿತ್ರದಿಂದ ಮೇಲಿನ ಗೆರೆಗಳು, ಮುಂದಿನ ಚಿತ್ರದಿಂದ ಕೆಳಗಿನ ಗೆರೆಗಳು. ಎವಿಸಿಂತ್‌ನಲ್ಲಿ ಫೀಲ್ಡ್ ಬೇರೆ ಮಾಡಿ, ಪ್ರತಿ ನಾಲ್ಕರಲ್ಲಿ 0 ಮತ್ತು 3 ಆರಿಸಿ ಹೆಣೆದರೆ ಮುಗಿಯಿತು. ಈ ಸಲ ಮೇಲಿನ ಫೀಲ್ಡ್ ಮೊದಲು.

ಐದು ಮುಕ್ಕಾಲು ಸೆಕೆಂಡ್

ಪೂರ್ತಿ ಓಡಿಸಿದ ಮೊದಲ ಪ್ರತಿಯಲ್ಲಿ ಇನ್ನೊಂದು ತಪ್ಪು ಸಿಕ್ಕಿತು. ಶುರುವಿನಲ್ಲಿ ತುಟಿಗೂ ದನಿಗೂ ಹೊಂದಿತ್ತು. ಹತ್ತನೇ ನಿಮಿಷಕ್ಕೆ ಅರ್ಧ ಸೆಕೆಂಡ್ ದಾಟಿತ್ತು. ಕೊನೆಯಲ್ಲಿ ತಾತ ಹಾಡು ನಿಲ್ಲಿಸಿ ನಗುತ್ತಾರೆ. ನಗು ಕೇಳಿ ಸುಮಾರು ಆರು ಸೆಕೆಂಡ್ ಆದ ಮೇಲೆ ತುಟಿ ನಗುತ್ತಿತ್ತು.

ಹೀಗೆ ಸ್ವಲ್ಪ ಸ್ವಲ್ಪವೇ ಬೆಳೆಯುವ ಅಂತರ ಕಂಡರೆ ಲೆಕ್ಕದ ತಪ್ಪು ಅಂತಲೇ ಅರ್ಥ. ಸ್ಕ್ರಿಪ್ಟಿನಲ್ಲಿ 60000ವನ್ನು 1001ರಿಂದ ಭಾಗಿಸಿ ಅಂತ ಬರೆಯುವ ಕಡೆ ನಾನು 60 ಅಂತ ಬರೆದಿದ್ದೆ. ವ್ಯತ್ಯಾಸ ಸಾವಿರಕ್ಕೊಂದು. 96 ನಿಮಿಷ ಅಂದರೆ 5760 ಸೆಕೆಂಡ್. ಅದರ ಸಾವಿರದಲ್ಲೊಂದು ಭಾಗ 5.76 ಸೆಕೆಂಡ್. ಲೆಕ್ಕ ಸರಿಯಾಗಿ ಕೂತಿತು.

ಈ 1001 ಎಲ್ಲಿಂದ ಬಂತು ಅಂದರೆ, 1953ರ ಅಮೆರಿಕದ ಬಣ್ಣದ ಟಿವಿಯಿಂದ. ಕಪ್ಪುಬಿಳುಪು ಟಿವಿ ಸೆಕೆಂಡಿಗೆ ಸರಿಯಾಗಿ 60 ಫೀಲ್ಡಿನಲ್ಲಿ ಓಡುತ್ತಿತ್ತು. ಬಣ್ಣದ ಸಂಕೇತ ಸೇರಿಸಿದಾಗ ಅದು ದನಿಯ ಸಂಕೇತದ ಜೊತೆ ತಾಕಿ ಪರದೆಯ ಮೇಲೆ ಗುರುತು ಮೂಡುವ ಭಯ ಇತ್ತು. ಹಳೆಯ ಟಿವಿಗಳಿಗೆ ತೊಂದರೆ ಆಗದಿರಲೆಂದು ದನಿಯನ್ನು ಮುಟ್ಟದೆ ಚಿತ್ರದ ವೇಗವನ್ನೇ ಸಾವಿರಕ್ಕೊಂದು ಪಾಲು ಇಳಿಸಿದರು. ಡಿವಿಡಿಯಲ್ಲಿ ಆ ಬಣ್ಣದ ಸಂಕೇತ ಇಲ್ಲವೇ ಇಲ್ಲ. ಡಿಸ್ಕಿನಲ್ಲಿರುವುದು ಬರೀ ಎಂಪೆಗ್-2 ಅಂಕೆಗಳು. ಪಾಲ್ ಡಿಸ್ಕ್, ಎನ್‌ಟಿಎಸ್‌ಸಿ ಡಿಸ್ಕ್ ಅನ್ನುವಾಗ ನಾವು ಹೇಳುತ್ತಿರುವುದು ಗೆರೆಗಳ ಲೆಕ್ಕ ಮತ್ತು ವೇಗ ಮಾತ್ರ. ಆದರೂ ಆ ಭಾಗಲಬ್ಧ ಹಾಗೇ ಉಳಿದುಕೊಂಡಿದೆ.

ಡಿಸ್ಕಿಗೆ ಏರಿಸಿದ್ದು

ಒಂದು ಪದರದ ಡಿಸ್ಕ್ 4.7 ಜಿಬಿ. ಅದನ್ನು ಬಿಟ್‌ಗಳಿಗೆ ತಿರುಗಿಸಿ 5760 ಸೆಕೆಂಡಿಗೆ ಹಂಚಿದರೆ ಸೆಕೆಂಡಿಗೆ ಆರೂವರೆ ಮೆಗಾಬಿಟ್ ಸಿಗುತ್ತದೆ. ದನಿಗೆ 256 ಕಿಲೋಬಿಟ್, ಸ್ವಲ್ಪ ಜಾಗ ಬಿಡುವು, ಚಿತ್ರಕ್ಕೆ ಸರಾಸರಿ 6 ಮೆಗಾಬಿಟ್. ಡಿವಿಡಿ ನಿಯಮದಲ್ಲಿ ಚಿತ್ರಕ್ಕೆ 9.8ರವರೆಗೆ ಹೋಗಬಹುದು. ಮನೆಯಲ್ಲಿ ಬರೆದ ಡಿಸ್ಕನ್ನು ಓದುವುದು ಪ್ಲೇಯರಿಗೆ ಕಷ್ಟ, ಅದಕ್ಕೆ ನಾನು ಮೇಲ್ಮಿತಿಯನ್ನು 8ಕ್ಕೆ ನಿಲ್ಲಿಸಿದೆ. ಚಿತ್ರವನ್ನು ಎಂಪೆಗ್-2 ಮಾಡುವ ಎನ್‌ಕೋಡರಿಗೆ ಇದು ಇಂಟರ್‌ಲೇಸ್ ಚಿತ್ರ, ಅಂದರೆ ಫೀಲ್ಡುಗಳನ್ನು ಹೆಣೆದ ಚಿತ್ರ ಅಂತ ಹೇಳುವುದನ್ನು ಮರೆಯಬಾರದು. ಮರೆತರೆ ಚಲನೆ ಇದ್ದಲ್ಲೆಲ್ಲ ಬಣ್ಣ ಚೆಲ್ಲಿದ ಹಾಗಾಗುತ್ತದೆ.

ದನಿಯಲ್ಲಿ ಒಂದು ಸಣ್ಣ ಸಂಗತಿ ಇತ್ತು. ಕ್ಯಾಮೆರಾ 12 ಬಿಟ್, 32 ಕಿಲೋಹರ್ಟ್ಸ್ ಹೊಂದಿಕೆಯಲ್ಲಿತ್ತು. ಡಿವಿಡಿಗೆ 48 ಬೇಕು. ಒಳ್ಳೆಯ ರೀಸ್ಯಾಂಪ್ಲರಿನಿಂದ ತಿರುಗಿಸಿದೆ. ಉದ್ದ ಬದಲಾಗಲಿಲ್ಲ, ಶ್ರುತಿ ಬದಲಾಗಲಿಲ್ಲ.

ಪರೀಕ್ಷೆಯನ್ನು ಕಂಪ್ಯೂಟರಿನಲ್ಲಿ ಮುಗಿಸಬಾರದು. ಕಂಪ್ಯೂಟರ್ ಪಾಲ್, ಎನ್‌ಟಿಎಸ್‌ಸಿ ಎರಡನ್ನೂ ಓಡಿಸುತ್ತದೆ. ಫೀಲ್ಡುಗಳನ್ನೂ ತನಗೆ ಬೇಕಾದ ಹಾಗೆ ಕೂಡಿಸಿಕೊಳ್ಳುತ್ತದೆ. ತಪ್ಪಿದ್ದರೂ ಮುಚ್ಚಿಹೋಗುತ್ತದೆ. ಮತ್ತೆ ಮತ್ತೆ ಬರೆಯಬಹುದಾದ ಡಿಸ್ಕಿಗೆ ಹಾಕಿ, ಎನ್‌ಟಿಎಸ್‌ಸಿ ಓಡಿಸುವ ಪ್ಲೇಯರಿಗೆ ಹಳೆಯ ಟ್ಯೂಬ್ ಟಿವಿ ಜೋಡಿಸಿ ನೋಡಿದೆ. ಉಯ್ಯಾಲೆ ಒಂದು ತುದಿಯಿಂದ ಇನ್ನೊಂದು ತುದಿಗೆ ಎಲ್ಲೂ ತಡೆಯದೆ ಹೋಯಿತು. ಕೊನೆಯ ನಗು ತುಟಿಯ ಮೇಲೆಯೇ ಇತ್ತು. ಆಮೇಲೆ ಒಂದು ಸಲ ಮಾತ್ರ ಬರೆಯುವ ಡಿಸ್ಕಿಗೆ ಹಾಕಿ, ಮತ್ತೇನೂ ಬರೆಯಲಾಗದ ಹಾಗೆ ಫೈನಲೈಸ್ ಮಾಡಿ ಕೊಟ್ಟೆ. ಟೇಪಿನಿಂದ ಇಳಿಸಿದ ಮೂಲ ಫೈಲನ್ನು ಎರಡು ಹಾರ್ಡ್ ಡಿಸ್ಕಿನಲ್ಲಿ ಗೆಳತಿಗೆ ಬೇರೆಯಾಗಿ ಕೊಟ್ಟಿದ್ದೇನೆ. 50 ಗಳಿಗೆಗಳೂ ಇರುವುದು ಅದರಲ್ಲಿ ಮಾತ್ರ.

ಡಿಸ್ಕ್ ತಲುಪಿದ ಮೇಲೆ ಅಕ್ಕನೇ ಫೋನ್ ಮಾಡಿದರು. ಪ್ಲೇಯರ್ ಏನೂ ತಕರಾರು ಮಾಡಲಿಲ್ಲವಂತೆ. 41ನೇ ನಿಮಿಷದ ಬೇಲಿಯ ಹತ್ತಿರ ಮುಗ್ಗರಿಸಿದ ಹಾಗೆ ಕಂಡಿತಾ ಅಂತ ಕೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ, ಅಲ್ಲಿ ಕ್ಯಾಮೆರಾ ಹಿಂದಿನಿಂದ ನಾನು ಶ್ರುತಿ ಹಿಡಿದಿರೋದು ಕೇಳಿಸುತ್ತೆ, ಬೇಲಿ ನೋಡಲಿಲ್ಲ ಅಂದರು.